ಒತ್ತಕ್ಷರಕ್ಕೂ ಜಾಗ ಬೇಕು

‘ಸಿದ್ಧೇಶ್ವರ’ ಎಂದು ಬರೆಯುವಾಗ ದಕಾರದ ಕೆಳಗೆ ಧಕಾರ, ಶಕಾರದ ಕೆಳಗೆ ವಕಾರ ಒತ್ತಾಗಿ ಇಳಿಯುತ್ತವೆ. ಕಾಗದದ ಮೇಲಾದರೆ ಕೈ ತಾನಾಗಿಯೇ ಅವಕ್ಕೆ ಜಾಗ ಬಿಡುತ್ತದೆ. ವೆಬ್ ಪುಟದಲ್ಲಿ ಆ ಜಾಗವನ್ನು ಯಾರಾದರೂ ಬಿಡಿಸಬೇಕು. ಸಂಕ್ರಾಂತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ಕಾರ್ಯಕ್ರಮಗಳನ್ನು ಒಂದು ಪುಟಕ್ಕೆ ಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. ಶೀರ್ಷಿಕೆಗೆ 20 ಪಿಕ್ಸೆಲ್ ಎತ್ತರ, ಪಟ್ಟಿ ಶುರುವಾಗುವುದು 20ನೇ ಪಿಕ್ಸೆಲ್‌ನಿಂದ ಎಂದು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟರೆ, ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಆ ಜಾಗ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ. ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಸಾಲಿನ ಗುಡಿಸುಗಳಿಗೆ ತಾಗುತ್ತದೆ. ಆದ್ದರಿಂದ, ಪುಟದಲ್ಲಿ ಯಾವುದು ಎಲ್ಲಿರಬೇಕೆಂಬುದನ್ನು ಅಂಕಿಯಲ್ಲಿ ಹೇಳದೆ ಸಂಬಂಧದಲ್ಲಿ ಹೇಳಬೇಕು ಎಂಬುದು ನನ್ನ ವಾದ. ಶೀರ್ಷಿಕೆ ಎಷ್ಟೇ ಎತ್ತರವಿರಲಿ, ಅದು ಮುಗಿದ ಮೇಲೆ ಪಟ್ಟಿ.

ಅಂಕಿಯ ಅಭ್ಯಾಸ ಬಂದದ್ದಕ್ಕೆ ಕಾರಣವಿದೆ. ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ರೂಪಿಸಿದ್ದು 1995ರಲ್ಲಿ. ಪುಟದ ಅಂದಚೆಂದ ಹೇಳುವ ಸಿಎಸ್ಎಸ್ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಮರುವರ್ಷವೇ ನೆಟ್‌ಸ್ಕೇಪ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎರಡರ ನಾಲ್ಕನೇ ಆವೃತ್ತಿಗಳಲ್ಲಿ ಸ್ಕ್ರಿಪ್ಟ್‌ನಿಂದ ಚಿತ್ರವನ್ನೋ ಪೆಟ್ಟಿಗೆಯನ್ನೋ ಅತ್ತಿತ್ತ ಸರಿಸಲು ಸಾಧ್ಯವಾಯಿತು. ಪೆಟ್ಟಿಗೆಗೆ ‘ಆಬ್ಸಲ್ಯೂಟ್’ ಎಂಬ ಗುಣ ಕೊಟ್ಟು, ಮೇಲಿನಿಂದ ಇಷ್ಟು, ಎಡದಿಂದ ಇಷ್ಟು ಎಂದರೆ ಮುಗಿಯಿತು. ಆದರೆ ಹಾಗೆ ಮಾಡಿದ ಕೂಡಲೇ ಆ ಪೆಟ್ಟಿಗೆ ಪುಟದ ಹರಿವಿನಿಂದ ಹೊರಬೀಳುತ್ತದೆ. ಉಳಿದವು ಅದು ಅಲ್ಲಿದೆಯೆಂಬ ಲೆಕ್ಕವನ್ನೇ ಇಡುವುದಿಲ್ಲ. ಮೇಜಿನ ಮೇಲಿನ ಕೆಲವೇ ಅಳತೆಯ ಪರದೆಗಳ ಕಾಲದಲ್ಲಿ ಇದು ಹೇಗೋ ನಡೆಯಿತು.

ಊಹಿಸಿ ಬರೆಯುವುದೇಕೆ, ಸ್ಕ್ರಿಪ್ಟ್‌ನಿಂದಲೇ ಅಳೆಯಿಸಿ ಇಡಬಹುದಲ್ಲ ಎಂದು ಕೇಳಬಹುದು. ಅಳೆಯಬಹುದು, ಆದರೆ ಯಾವಾಗ? ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಒಣದ್ರಾಕ್ಷಿ ದರ ನೋಡಲು ತೋಟದಲ್ಲಿ ನಿಂತು ಮೊಬೈಲ್ ತೆರೆದರೆ, ಮಂದ ನೆಟ್‌ವರ್ಕ್‌ನಲ್ಲಿ ಮೊದಲು ಅಕ್ಷರ ಮೂಡುವುದು ಫೋನಿನಲ್ಲೇ ಇದ್ದ ಫಾಂಟ್‌ನಲ್ಲಿ. ಪುಟದ ಸ್ವಂತ ಕನ್ನಡ ಫಾಂಟ್ ತಡವಾಗಿ ಇಳಿದಾಗ ‘ಬಬಲೇಶ್ವರ’ ಎಂಬ ಊರಿನ ಹೆಸರು ಒಂದು ಸಾಲಿನಿಂದ ಮುಂದಿನದಕ್ಕೆ ಜಾರಬಹುದು. ಮೊದಲೇ ಅಳೆದಿಟ್ಟ ಅಂಕಿ ಆಗ ಸುಳ್ಳು. ಬೆರಳು ಒತ್ತುವಷ್ಟರಲ್ಲಿ ಗುಂಡಿ ಕೆಳಗಿಳಿದಿರುತ್ತದೆ, ಜಾಹೀರಾತು ತೆರೆದುಕೊಳ್ಳುತ್ತದೆ. ಈ ಜಿಗಿತವನ್ನು ಅಳೆಯಲೆಂದೇ ಗೂಗಲ್ 2020ರಲ್ಲಿ ಒಂದು ಮಾನದಂಡ ಪ್ರಕಟಿಸಿತು, ಅದು 0.1 ಮೀರಬಾರದು. ಮತ್ತೊಂದು ಖರ್ಚೂ ಇದೆ. ಸ್ಕ್ರಿಪ್ಟ್ ಒಂದು ಪೆಟ್ಟಿಗೆಯನ್ನು ಸರಿಸಿ, ಅಳೆದು, ಮತ್ತೆ ಸರಿಸಿ, ಮತ್ತೆ ಅಳೆದರೆ ಬ್ರೌಸರ್ ಪ್ರತಿಸಲವೂ ಪುಟದ ಜೋಡಣೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಸೆಕೆಂಡಿಗೆ 60 ಸಲ ಪರದೆ ಬದಲಾಗುವಾಗ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಅಗ್ಗದ ಫೋನು ಅಲ್ಲೇ ಏದುಸಿರು ಬಿಡುತ್ತದೆ.

ಹಾಗೆಂದು ಸ್ಕ್ರಿಪ್ಟ್ ಬೇಡವೆನ್ನಲಾಗದು. ನಕ್ಷೆಯಲ್ಲಿ ಬೆರಳಿಂದ ಎಳೆಯುವ ಗುರುತು ಸ್ಕ್ರಿಪ್ಟ್ ಇಲ್ಲದೆ ಕದಲದು. ಅಲ್ಲಿಯೂ ಮೇಲು-ಎಡದ ಅಂಕಿ ತಿದ್ದುವುದಕ್ಕಿಂತ ‘ಟ್ರಾನ್ಸ್‌ಫಾರ್ಮ್’ ಬಳಸಿದರೆ ಅಕ್ಕಪಕ್ಕದ ಜೋಡಣೆ ಕೆಡುವುದಿಲ್ಲ. ಪುಟ ಸರಿಸಿದರೂ ತಲೆಬರಹ ಮೇಲೇ ನಿಲ್ಲಲಿ ಎಂಬುದಕ್ಕೆ ಹಿಂದೆ ಉದ್ದುದ್ದ ಸ್ಕ್ರಿಪ್ಟ್ ಬರೆಯುತ್ತಿದ್ದರು. ಈಗ ಸಿಎಸ್ಎಸ್‌ನ ‘ಸ್ಟಿಕಿ’ಯ ಒಂದೆರಡು ಸಾಲು ಸಾಕು. ಫಾಂಟನ್ನು ನಾವೇ ನಿಗದಿ ಮಾಡಿದರೆ ಅಂಕಿ ತಪ್ಪದು ಎನ್ನುವವರಿದ್ದಾರೆ. ಆದರೆ ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡೇ ಓದುತ್ತಾರೆ. ಅವರ ಪರದೆಯಲ್ಲಿ ಸಿದ್ಧೇಶ್ವರನ ಒತ್ತುಗಳಿಗೆ 20 ಪಿಕ್ಸೆಲ್ ಅಲ್ಲ, 40 ಬೇಕಾಗಬಹುದು.