ಕಸ ಸಾಗಣೆ ವಾಹನದ ಇಸಿಯು ಬದಲಾವಣೆಗೆ ಮುನ್ನ ಬ್ಯಾಟರಿ ವೋಲ್ಟೇಜ್ ಪರಿಶೀಲನೆ

ಗ್ರಾಮ ಪಂಚಾಯಿತಿಯ ಕಸ ಸಾಗಣೆ ವಾಹನವು ಬೆಳಿಗ್ಗೆ ಚಾಲೂ ಆಗದಿದ್ದಲ್ಲಿ ಅಂದು ಮನೆಮನೆಯ ಕಸ ಸಂಗ್ರಹಣೆ ನಿಲ್ಲುತ್ತದೆ. ಕೆಲವು ದಿನಗಳ ನಂತರ ಗ್ಯಾರೇಜಿನಿಂದ ದುರಸ್ತಿಯ ಅಂದಾಜು ಪಟ್ಟಿ ಬರುತ್ತದೆ. ಅದರಲ್ಲಿ ‘ಇಸಿಯು ಬದಲಾವಣೆ’ ಎಂಬ ಒಂದೇ ಬಾಬ್ತು ಇದ್ದು, ಮೊತ್ತ ಮಾತ್ರ ದೊಡ್ಡದಿರುತ್ತದೆ. ಸಾಮಾನ್ಯ ಸಭೆಯಲ್ಲಿ ಅನುಮೋದನೆ ನೀಡಬೇಕಾದ ಸದಸ್ಯರು ಇದನ್ನು ಪರಿಶೀಲಿಸಲು ತಾಂತ್ರಿಕ ಪದವೀಧರರಾಗಬೇಕಿಲ್ಲ. ಕೆಲವು ವೋಲ್ಟೇಜ್ ಅಂಕಿಗಳನ್ನು ಕೇಳುವುದು ತಿಳಿದಿದ್ದರೆ ಸಾಕು.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ತರುವಾಯ ಚಿಕ್ಕ ಟಿಪ್ಪರ್‌ಗಳಲ್ಲಿಯೂ ಇಂಧನದ ಪ್ರಮಾಣವನ್ನು ನಿರ್ಧರಿಸುವುದು ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ. ಈ ಘಟಕ ಕೆಲಸ ಮಾಡಲು ಸ್ಥಿರವಾದ ವೋಲ್ಟೇಜ್ ಅಗತ್ಯ. ವೋಲ್ಟೇಜ್ ಕುಸಿದಾಗ ಸೆನ್ಸರ್‌ಗಳ ಅಳತೆ ತಪ್ಪುತ್ತದೆ, ರಿಲೇಗಳು ಟಕಟಕ ಸದ್ದು ಮಾಡುತ್ತವೆ, ಸ್ಕ್ಯಾನರ್ ಸಂಪರ್ಕವೂ ಕಡಿದುಹೋಗುತ್ತದೆ. ಪರಿಣಾಮವಾಗಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷ ಸಂಕೇತಗಳು ಒಟ್ಟಿಗೇ ದಾಖಲಾಗುತ್ತವೆ. ಇಂತಹ ಪಟ್ಟಿ ಕಂಡು ‘ಇಸಿಯು ಹೋಗಿದೆ’ ಎನ್ನುವುದು ಸುಲಭ. ಅವುಗಳ ನಡುವೆ ಪಿ 0562 ಎಂಬ ಸಂಕೇತವಿದ್ದರೆ ವೋಲ್ಟೇಜ್ ಕಡಿಮೆಯಾಗಿತ್ತೆಂದೂ, ಪಿ 0563 ಇದ್ದರೆ ಹೆಚ್ಚಾಗಿತ್ತೆಂದೂ ಅರ್ಥ. ತನಗೆ ಬಂದು ತಲುಪಿದ ವೋಲ್ಟೇಜ್ ಸರಿಯಿರಲಿಲ್ಲ ಎಂದು ಘಟಕವೇ ನೀಡುವ ದೂರು ಇದು. ದೂರು ನೀಡಿದ ಘಟಕವನ್ನೇ ದೋಷಿಯೆಂದು ಭಾವಿಸುವುದು ತರವಲ್ಲ.

ಮೊದಲ ಅಳತೆ ಬ್ಯಾಟರಿಯದು. ವಾಹನ ಕೆಲವು ಗಂಟೆ ನಿಂತ ಮೇಲೆ 12 ವೋಲ್ಟ್ ಬ್ಯಾಟರಿಯ ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 12.6ರ ಆಸುಪಾಸು ಇರಬೇಕು. 12.2 ಇದ್ದರೆ ಸುಮಾರು ಅರ್ಧ ಚಾರ್ಜ್, 12.0ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ ಇದು 9.6ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರುತ್ತದೆ. ಏರದಿದ್ದಲ್ಲಿ ಆಲ್ಟರ್ನೇಟರ್, ಅದರ ಬೆಲ್ಟ್ ಮತ್ತು ವೈರುಗಳನ್ನು ನೋಡಬೇಕು. 15 ದಾಟಿದಲ್ಲಿ ರೆಗ್ಯುಲೇಟರ್ ಅನ್ನು ನೋಡಬೇಕು.

ಈ ಮೂರೂ ಸರಿಯಿದ್ದು ವಾಹನ ಆಗಾಗ ಕೈಕೊಡುತ್ತಿದ್ದರೆ ಅರ್ಥ್ ವೈರಿನ ಕಡೆ ಗಮನ ಹರಿಸತಕ್ಕದ್ದು. ಕಸದ ವಾಹನಗಳಲ್ಲಿ ಹೆಚ್ಚು ಕಡೆಗಣಿಸಲ್ಪಡುವ ಭಾಗವಿದು. ಹಸಿಕಸದಿಂದ ಸೋರುವ ನೀರು ಮತ್ತು ನಿತ್ಯದ ತೊಳೆಯುವಿಕೆಯಿಂದ ಚಾಸಿಸ್‌ಗೆ ಬಿಗಿದ ಅರ್ಥ್ ಬೋಲ್ಟ್ ತುಕ್ಕು ಹಿಡಿಯುತ್ತದೆ. ಹೊರೆಯಿಲ್ಲದಾಗ ತುಕ್ಕು ಹಿಡಿದ ಜೋಡಣೆಯ ಮೂಲಕವೂ ಮೀಟರ್ 12.6 ಎಂದೇ ತೋರಿಸುತ್ತದೆ, ಮೋಸವಿರುವುದು ಇಲ್ಲಿಯೇ. ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯುವಾಗ ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ ಒಂದೂವರೆ ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಆದ್ದರಿಂದ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಬೇಕು. 0.2 ವೋಲ್ಟ್‌ಗಿಂತ ಗಣನೀಯವಾಗಿ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯುವುದೇ ಮೊದಲ ದುರಸ್ತಿ. ಇದಕ್ಕೆ ತಗಲುವ ವೆಚ್ಚ ಅರ್ಧ ಗಂಟೆಯ ಕೂಲಿ ಮಾತ್ರ.

ಕೊನೆಯ ಅಳತೆಯೇ ನಿರ್ಣಾಯಕ. ಇಗ್ನಿಷನ್ ಕೀ ಹಾಕಿಟ್ಟು, ಇಸಿಯು ತನಗೆ ಸಿಗುತ್ತಿದೆ ಎಂದು ಸ್ಕ್ಯಾನರ್‌ನಲ್ಲಿ ತೋರಿಸುವ ವೋಲ್ಟೇಜನ್ನೂ ಅದೇ ಕ್ಷಣ ಬ್ಯಾಟರಿಯ ತುದಿಗಳಲ್ಲಿ ಮೀಟರ್ ತೋರಿಸುವ ವೋಲ್ಟೇಜನ್ನೂ ಹೋಲಿಸಬೇಕು. ಎರಡೂ ಕಡಿಮೆಯಿದ್ದರೆ ದೋಷ ಬ್ಯಾಟರಿಯದು ಅಥವಾ ಚಾರ್ಜಿಂಗ್‌ನದು. ಬ್ಯಾಟರಿಯಲ್ಲಿ 12.5 ಇದ್ದು ಇಸಿಯು 11.2 ಎನ್ನುತ್ತಿದ್ದರೆ ನಡುವಿನ ಫ್ಯೂಸ್, ರಿಲೇ, ವೈರು ಅಥವಾ ಅರ್ಥ್ ಜೋಡಣೆಯಲ್ಲಿ ಸೋರಿಕೆಯಿದೆ. ಸ್ಕ್ಯಾನರ್‌ಗೆ ಇಸಿಯು ಉತ್ತರಿಸದಿದ್ದಲ್ಲಿ ಅದರ ಸಾಕೆಟ್ಟಿನ ವಿದ್ಯುತ್ ಮತ್ತು ಅರ್ಥ್ ಪಿನ್ನುಗಳಲ್ಲಿಯೇ, ಹೊರೆ ಕೊಟ್ಟು, ನೇರವಾಗಿ ಅಳೆಯಬೇಕು. ಅಲ್ಲಿ ವೋಲ್ಟೇಜ್ ಸರಿಯಾಗಿ ತಲುಪುತ್ತಿದ್ದು ದೋಷ ಮುಂದುವರಿದರೆ ಮಾತ್ರ ಘಟಕದ ಮೇಲೆ ಅನುಮಾನ ಪಡಲು ಆಧಾರ ದೊರೆಯುತ್ತದೆ.

ಬ್ಯಾಟರಿ ಬೇಗ ಸೋಲಲು ಈ ವಾಹನಗಳ ಕೆಲಸದ ರೀತಿಯೂ ಕಾರಣ. ಹತ್ತು ಮನೆಗೊಮ್ಮೆ ನಿಲ್ಲಿಸುವುದು, ಮತ್ತೆ ಸೆಲ್ಫ್ ಹೊಡೆಯುವುದು, ಇಂಜಿನ್ ಆರಿಸಿದ ಮೇಲೂ ಧ್ವನಿವರ್ಧಕದಲ್ಲಿ ಹಾಡು ಹಾಕಿಡುವುದು ಇವೆಲ್ಲ ಬ್ಯಾಟರಿಯಿಂದ ತೆಗೆಯುವ ಕೆಲಸಗಳೇ. ತುಂಬಿಸಲು ಉಳಿಯುವುದು ಘಟಕಕ್ಕೆ ಹೋಗಿಬರುವ ಕೆಲವೇ ಕಿಲೋಮೀಟರ್ ಓಟ. ಇದರಲ್ಲಿ ಚಾಲಕಿಯರ ತಪ್ಪೇನೂ ಇಲ್ಲ. ವಾರಕ್ಕೊಮ್ಮೆ ಹೊರಗಿನ ಚಾರ್ಜರ್‌ನಿಂದ ಬ್ಯಾಟರಿ ತುಂಬಿಸುವ ಏರ್ಪಾಡು ಪಂಚಾಯಿತಿಯದು.

ಇಸಿಯು ನಿಜವಾಗಿಯೂ ಸುಡುವ ಸಂದರ್ಭಗಳೂ ಉಂಟು. ಟಿಪ್ಪರ್‌ನ ತುಕ್ಕು ಹಿಡಿದ ಡಬ್ಬಕ್ಕೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚದಿರುವುದು, 24 ವೋಲ್ಟ್‌ನ ಲಾರಿಯಿಂದ ಜಂಪ್ ಕೊಡುವುದು, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ತೆಗೆದು ಆಲ್ಟರ್ನೇಟರ್ ‘ಪರೀಕ್ಷಿಸುವುದು’ ಅಂತಹವು. ಕೊನೆಯದು ಹಳೆಯ ವಾಹನಗಳ ಕಾಲದ ರೂಢಿ. ಇಂದಿನ ವಾಹನದಲ್ಲಿ ಅದರಿಂದ ಏಳುವ ವೋಲ್ಟೇಜ್ ಒಂದು ಕ್ಷಣದಲ್ಲಿ ಘಟಕವನ್ನು ಹಾಳುಮಾಡಬಲ್ಲದು. ಹೊಸ ಇಸಿಯು ಹಾಕಿಸಿದ ಮೇಲೂ ಇದೇ ರೂಢಿ ಮುಂದುವರಿದಲ್ಲಿ ಅದಕ್ಕೂ ಅದೇ ಗತಿ.

ಇಸಿಯು ಬದಲಾವಣೆಯ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ನಿಂತ ವೋಲ್ಟೇಜ್, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್, ಚಾರ್ಜಿಂಗ್ ವೋಲ್ಟೇಜ್, ಅರ್ಥ್ ನಷ್ಟ ಮತ್ತು ಇಸಿಯುಗೆ ತಲುಪಿದ ವೋಲ್ಟೇಜ್ ಎಂಬ ಐದು ಅಂಕಿಗಳು ದಿನಾಂಕ ಹಾಗೂ ಮೆಕ್ಯಾನಿಕ್ ಸಹಿಯೊಡನೆ ಕಡತದಲ್ಲಿವೆಯೇ ಎಂದು ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಬಹುದು. ಇಲ್ಲದಿದ್ದಲ್ಲಿ ಅಳತೆ ಮಾಡಿಸಿ ಮರುಸಲ್ಲಿಸುವಂತೆ ಪಟ್ಟಿಯನ್ನು ಹಿಂದಿರುಗಿಸಬಹುದು.