ಪಾದ್ರಿಯ ಕೈಯ ಪ್ರಸಾದ ಬೇಡವೆಂದವನು

1855ನೆಯ ಇಸವಿಯ ಅಕ್ಟೋಬರ್ ತಿಂಗಳು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಆಸ್ಪತ್ರೆಯೊಂದರಲ್ಲಿ ನಾಲ್ವತ್ತೆರಡು ವರ್ಷದ ರೋಗಿಯೊಬ್ಬನು ಮಲಗಿದ್ದನು. ಕಾಲುಗಳಲ್ಲಿ ಸ್ವಾಧೀನವಿರಲಿಲ್ಲ. ಇನ್ನು ತಾನು ಉಳಿಯುವುದಿಲ್ಲವೆಂದು ಅವನೇ ನಿಶ್ಚಯಿಸಿಕೊಂಡಿದ್ದನು. ಬಾಲ್ಯದ ಗೆಳೆಯ ಎಮಿಲ್ ಬೋಸೆನ್ ದೂರದ ಊರಿನಿಂದ ಬಂದು ಮಂಚದ ಬಳಿ ಕುಳಿತನು. ಬೋಸೆನ್ ಸ್ವತಃ ಪಾದ್ರಿ. ಕ್ರೈಸ್ತರು ಮರಣಕಾಲದಲ್ಲಿ ಸ್ವೀಕರಿಸುವ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸಗಳನ್ನು ನೀನು ಸ್ವೀಕರಿಸುವೆಯಾ ಎಂದು ಆತನು ಕೇಳಿದನು. ಆಗಬಹುದು, ಆದರೆ ಪಾದ್ರಿಯ ಕೈಯಿಂದ ಕೂಡದು, ಸಾಮಾನ್ಯ ಭಕ್ತನೊಬ್ಬನು ಕೊಡುವುದಾದರೆ ಆಗಲಿ ಎಂದು ರೋಗಿಯು ಉತ್ತರಿಸಿದನು. ಅದು ಸುಲಭಸಾಧ್ಯವಲ್ಲವೆಂದು ಗೆಳೆಯನು ಹೇಳಲು, ಹಾಗಾದರೆ ಅದಿಲ್ಲದೆಯೇ ಸಾಯುವೆನೆಂದನು.

ಈ ರೋಗಿಯೇ ಸೋರೆನ್ ಕಿರ್ಕೆಗಾರ್ಡ್. ಅಸ್ತಿತ್ವವಾದದ ಮೂಲಪುರುಷನೆಂದು ತತ್ತ್ವಶಾಸ್ತ್ರದ ಗ್ರಂಥಗಳು ಇಂದು ಕೊಂಡಾಡುವುದು ಇವನನ್ನೇ. ಅಂದಿನ ಪಟ್ಟಣಿಗರಿಗಾದರೋ ಇವನು, ಹಾಸ್ಯಪತ್ರಿಕೆಯೊಂದು ಷರಾಯಿಯ ಕಾಲುಗಳನ್ನು ಒಂದು ಉದ್ದ ಒಂದು ಗಿಡ್ಡವಾಗಿ ಬರೆದು ನಗಿಸಿದ್ದ ವಿಚಿತ್ರ ವ್ಯಕ್ತಿ, ಅಷ್ಟೆ.

ಪಾದ್ರಿಯ ಮೇಲೆ ಇಷ್ಟು ಮುನಿಸೇಕೆ? ದೈವಶಾಸ್ತ್ರದಲ್ಲಿ ಪದವಿ ಪಡೆದು, ತಾನೂ ಒಂದು ಹಳ್ಳಿಯ ಪಾದ್ರಿಯಾಗಬೇಕೆಂದು ಹಲವು ಬಾರಿ ಯೋಚಿಸಿದ್ದವನು ಇವನು. ತಂದೆಯ ಕಾಲದಿಂದಲೂ ಬಿಷಪ್ ಮ್ಯುನ್‌ಸ್ಟರನ ಉಪದೇಶಗಳೆಂದರೆ ಆ ಮನೆಯಲ್ಲಿ ಅಪಾರ ಗೌರವ. 1854ರ ಜನವರಿಯಲ್ಲಿ ಆ ವೃದ್ಧ ಬಿಷಪ್ ತೀರಿಕೊಂಡನು. ಪ್ರಾಧ್ಯಾಪಕ ಮಾರ್ಟೆನ್‌ಸನ್ ಶ್ರದ್ಧಾಂಜಲಿ ಅರ್ಪಿಸುತ್ತ, ಕ್ರಿಸ್ತನ ಶಿಷ್ಯರಿಂದ ಮೊದಲ್ಗೊಂಡು ಬಂದ ಸತ್ಯಸಾಕ್ಷಿಗಳ ಪರಂಪರೆಯಲ್ಲಿ ಅವನನ್ನೂ ಸೇರಿಸಿದನು. ಕಿರ್ಕೆಗಾರ್ಡನ ಸಹನೆ ಮೀರಿದ್ದು ಇಲ್ಲಿ. ಬಡತನದಲ್ಲಿ ಬದುಕಿ, ಛಡಿಯೇಟು ತಿಂದು, ಶಿಲುಬೆಗೇರಿದವರು ಸತ್ಯಸಾಕ್ಷಿಗಳು; ಪದವಿ, ಪದಕ, ಸಂಬಳಗಳ ನಡುವೆ ಸುಖವಾಗಿ ಮುಪ್ಪಾದವನು ಆ ಸಾಲಿಗೆ ಸೇರುವುದೆಂತು?

ನಮ್ಮ ಮುಜರಾಯಿ ದೇವಸ್ಥಾನಗಳ ತಸ್ತೀಕಿನ ವ್ಯವಸ್ಥೆಯನ್ನು ಬಲ್ಲ ವಾಚಕರಿಗೆ ಧರ್ಮಕ್ಕೂ ಖಜಾನೆಗೂ ಇರುವ ನಂಟು ಹೊಸದಲ್ಲ. ಡೆನ್ಮಾರ್ಕಿನಲ್ಲಿ ಅದು ಇನ್ನೂ ಗಾಢವಾಗಿತ್ತು. ಪಾದ್ರಿಯೆಂದರೆ ದೊರೆಯ ಅಧಿಕಾರಿ. 1849ರ ಸಂವಿಧಾನವು ಮತಸ್ವಾತಂತ್ರ್ಯವನ್ನು ಕೊಟ್ಟಿತಾದರೂ ಸರ್ಕಾರದ ಆಶ್ರಯ ಚರ್ಚಿಗೆ ಉಳಿಯಿತು. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನವಾದರೆ ಮುಗಿಯಿತು. ದೇಶಕ್ಕೆ ದೇಶವೇ ಕ್ರೈಸ್ತ! ಎಲ್ಲರೂ ಕ್ರೈಸ್ತರಾದ ಕಡೆ ಕ್ರೈಸ್ತಧರ್ಮವೇ ಇಲ್ಲವಾಗಿದೆ ಎಂಬುದು ಕಿರ್ಕೆಗಾರ್ಡನ ದೂರು.

1854ರ ಡಿಸೆಂಬರ್ 18ರಂದು ಅವನ ಮೊದಲ ಲೇಖನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಮಾರ್ಟೆನ್‌ಸನ್ನನೇ ಬಿಷಪ್ ಪದವಿಗೆ ಆಯ್ಕೆಯಾಗಿದ್ದನು. ಮರುವರ್ಷ ಮೇ ತಿಂಗಳಿನಿಂದ ಕಿರ್ಕೆಗಾರ್ಡ್ ತನ್ನದೇ ಖರ್ಚಿನಲ್ಲಿ ‘ಕ್ಷಣ’ ಎಂಬರ್ಥದ ಹೆಸರಿನ ಕಿರುಪತ್ರಿಕೆಯನ್ನು ಹೊರಡಿಸಿದನು. ಈಗಿನ ಸ್ಥಿತಿಯಲ್ಲಿ ಚರ್ಚಿನ ಆರಾಧನೆಗೆ ಹೋಗದಿರುವವನಿಗೆ ಒಂದು ಪಾಪವಾದರೂ ಕಡಿಮೆಯೆಂದು ಬಹಿರಂಗವಾಗಿ ಸಾರಿದನು. ತಾನೂ ಹೋಗುವುದನ್ನು ನಿಲ್ಲಿಸಿದನು. ಒಂಬತ್ತು ಸಂಚಿಕೆಗಳು ಹೊರಬಂದವು. ಹತ್ತನೆಯದು ಸಿದ್ಧವಾಗುವ ಹೊತ್ತಿಗೆ, ಅಕ್ಟೋಬರ್ 2ರಂದು, ಬೀದಿಯಲ್ಲಿ ಕುಸಿದುಬಿದ್ದನು.

ಅವನ ಬರಹದಲ್ಲಿ ಕ್ರೌರ್ಯವಿತ್ತೆಂಬುದನ್ನು ಒಪ್ಪಲೇಬೇಕು. ಹಳ್ಳಿಗಾಡಿನಲ್ಲಿ ರೋಗಿಗಳ ಮನೆಮನೆಗೆ ಅಲೆಯುತ್ತಿದ್ದ ಬಡ ಪಾದ್ರಿಗೂ ರಾಜಧಾನಿಯ ಬಿಷಪ್ಪನಿಗೂ ಒಂದೇ ಚಾಟಿ. ಆದರೆ ತನ್ನ ಮೇಲೂ ಅವನಿಗೆ ದಯೆಯಿರಲಿಲ್ಲ. ತಾನು ಕ್ರೈಸ್ತನೆಂದು ಹೇಳಿಕೊಳ್ಳಲಾರೆ, ಆ ಹೆಸರು ಅಷ್ಟು ಅಗ್ಗದ್ದಲ್ಲ ಎಂಬುದು ಅವನ ನಿಲುವು.

ನಂಬಿಕೆಯೇ ಹೋಯಿತೇ ಹಾಗಾದರೆ? ಬೋಸೆನ್ನನಿಗೂ ಈ ಸಂದೇಹವಿದ್ದಿರಬೇಕು. ನೆಮ್ಮದಿಯಿಂದ ಪ್ರಾರ್ಥಿಸಬಲ್ಲೆಯಾ ಎಂದು ಕೇಳಿದನು. ಬಲ್ಲೆ, ಮೊದಲು ಪಾಪಗಳ ಕ್ಷಮೆಯನ್ನು ಬೇಡುತ್ತೇನೆ ಎಂದು ರೋಗಿಯು ಹೇಳಿದನು. ಕ್ರಿಸ್ತನ ಮೂಲಕ ದೊರೆಯುವ ದೇವರ ಕೃಪೆಯಲ್ಲಿ ಆಶ್ರಯ ಹೊಂದಿರುವೆಯಾ ಎಂಬ ಪ್ರಶ್ನೆಗೆ, ಇದೂ ಕೇಳುವ ಮಾತೇ ಎಂಬಂತೆ ಹೌದೆಂದನು. ಈ ಸಂಭಾಷಣೆಗಳನ್ನು ಬೋಸೆನ್ ಬರೆದಿಟ್ಟುದರಿಂದ ನಮಗೆ ದೊರೆತಿವೆ. ಅಣ್ಣ ಪೀಟರ್ ಕೂಡ ನೋಡಲು ಬಂದನು. ಅವನೂ ಪಾದ್ರಿಯೇ, ತಮ್ಮನ ಮತವನ್ನು ಸಭೆಯಲ್ಲಿ ಖಂಡಿಸಿದ್ದವನು. ಅವನನ್ನು ಒಳಗೆ ಬಿಡಲಿಲ್ಲ.

ನವೆಂಬರ್ 11ರ ರಾತ್ರಿ ಕಿರ್ಕೆಗಾರ್ಡ್ ತೀರಿಕೊಂಡನು, ಪ್ರಭುಭೋಜನವಿಲ್ಲದೆಯೇ. ಚರ್ಚು ಅವನನ್ನು ಬಿಟ್ಟುಕೊಡಲಿಲ್ಲ. 18ನೆಯ ತಾರೀಖು, ಭಾನುವಾರ, ನಗರದ ಮುಖ್ಯ ಚರ್ಚಿನಲ್ಲೇ ಉತ್ತರಕ್ರಿಯೆ, ಕಿಕ್ಕಿರಿದ ಜನ, ಮಾತನಾಡಿದವನು ಪೀಟರನೇ. ಸ್ಮಶಾನದಲ್ಲಿ ಪಾದ್ರಿಯು ಮೂರು ಹಿಡಿ ಮಣ್ಣು ಹಾಕಿದ ಮೇಲೆ, ಸೋದರಳಿಯನಾದ ತರುಣ ವೈದ್ಯ ಹೆನ್ರಿಕ್ ಲುಂಡ್ ಮುಂದೆ ಬಂದು ಕೂಗಿ ಹೇಳಿದನು: ಬದುಕಿರುವಾಗ ನಿಮ್ಮನ್ನು ತೊರೆದವನನ್ನು ಸತ್ತ ಮೇಲೆ ನಿಮ್ಮವನನ್ನಾಗಿ ಮಾಡಿಕೊಳ್ಳಲು ನಿಮಗೇನು ಅಧಿಕಾರ? ಕೈಯಲ್ಲಿದ್ದ ಹೊಸ ಒಡಂಬಡಿಕೆಯಿಂದಲೂ ‘ಕ್ಷಣ’ದಿಂದಲೂ ಓದಿ ತೋರಿಸಿದನು. ಜನ ಸ್ವಲ್ಪ ಹೊತ್ತು ನಿಂತು ಕೇಳಿ, ಚಳಿಯಲ್ಲಿ ಮನೆಗೆ ಹೊರಟುಹೋದರು. ಲುಂಡನ ಮೇಲೆ ಮೊಕದ್ದಮೆ ಹೂಡಿ ದಂಡ ವಿಧಿಸಲಾಯಿತು.

ಅಣ್ಣ ಪೀಟರ್ ಮರುವರ್ಷವೇ ಆಲ್‌ಬಾರ್ಗಿನ ಬಿಷಪ್ ಆದನು. ಹತ್ತೊಂಬತ್ತು ವರ್ಷಗಳ ಬಳಿಕ, 1875ರಲ್ಲಿ, ಅವನೂ ಆ ಪದವಿಗೆ ರಾಜೀನಾಮೆ ಕೊಟ್ಟನು.