ಕಾಡಿಗೊಂದು ಟೈಮಿಂಗ್, ಹೆದ್ದಾರಿಗೊಂದು

ಮೈಸೂರಿನಿಂದ ಹ್ಯಾಂಡ್‌ಪೋಸ್ಟ್ ಮೇಲೆ ಅಂತರಸಂತೆಗೆ ಬರುವ ರಸ್ತೆ ಮುಂದೆ ನಾಗರಹೊಳೆ ಕಾಡು ಹೊಕ್ಕು, ಬಾವಲಿ ದಾಟಿ ಮಾನಂತವಾಡಿ ಸೇರುತ್ತದೆ. ಕಾಡಿನೊಳಗೆ ಹಂಪ್‌ಗಳು, ಅಡ್ಡ ಬರುವ ಜಿಂಕೆಗಳು. ಅಲ್ಲಿ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಸಾಕು. ಅದೇ ಕಾರು ಮೈಸೂರಿನ ಕಡೆ ತಿರುಗಿ ಲಾರಿಯೊಂದನ್ನು ಹಿಂದೆ ಹಾಕಬೇಕೆಂದರೆ 5,000 ಬೇಕು. ಈ ಎರಡು ವೇಗಗಳಲ್ಲಿ ಎಂಜಿನ್ ಉಸಿರಾಡುವ ಬಗೆ ಬೇರೆ ಬೇರೆ.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ, ತನ್ನ ಉಬ್ಬುಗಳಿಂದ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತುತ್ತದೆ. 6,000 ಸುತ್ತಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಇನ್‌ಟೇಕ್ ವಾಲ್ವ್ ಕ್ರ್ಯಾಂಕ್‌ನ 240 ಡಿಗ್ರಿಯಷ್ಟು ಹೊತ್ತು ತೆರೆದಿರುತ್ತದೆ ಎಂದಿಟ್ಟುಕೊಂಡರೂ, ಗಾಳಿ ಒಳಬರಲು ಸಿಗುವುದು ಸೆಕೆಂಡಿನ 150ನೇ ಒಂದು ಭಾಗ ಮಾತ್ರ.

ಪಿಸ್ಟನ್ ತಳ ಮುಟ್ಟಿದ ತಕ್ಷಣ ವಾಲ್ವ್ ಮುಚ್ಚಿಬಿಡುವುದಿಲ್ಲ. ಸಂತೆ ದಿನ ಬಸ್ ಹತ್ತುವ ಜನರನ್ನು ನೋಡಿ: ನೂಕುನುಗ್ಗಲಿದ್ದಾಗ ಕಂಡಕ್ಟರ್ ಇನ್ನೊಂದು ಗಳಿಗೆ ಬಾಗಿಲು ಬಿಟ್ಟರೆ ಹಿಂದಿನವರ ತಳ್ಳಾಟಕ್ಕೇ ಇನ್ನೂ ನಾಲ್ಕು ಜನ ಒಳಗೆ ಬಂದುಬಿಡುತ್ತಾರೆ, ನೂಕುವವರೇ ಇಲ್ಲದಿದ್ದರೆ ಒಳಗಿದ್ದವರೇ ಕೆಳಗಿಳಿಯುತ್ತಾರೆ. ಹೆಚ್ಚು ವೇಗದಲ್ಲಿ ಗಾಳಿಗೂ ಅಂಥ ಒತ್ತಡವಿರುತ್ತದೆ, ವಾಲ್ವ್ ತಡವಾಗಿ ಮುಚ್ಚಿದರೆ ಲಾಭ. ಕಡಿಮೆ ವೇಗದಲ್ಲಿ ಹಾಗೆ ಮಾಡಿದರೆ ಮೇಲೇರುವ ಪಿಸ್ಟನ್ ಬಂದ ಗಾಳಿಯನ್ನೇ ಹೊರದಬ್ಬುತ್ತದೆ, ಪಿಕಪ್ ಸಾಯುತ್ತದೆ.

ವಾಲ್ವ್ ತೆರೆದು ಮುಚ್ಚುವ ಈ ಹೊತ್ತೇ ಟೈಮಿಂಗ್. ಹಿಂದೆ ಎರಡೂ ವೇಗಗಳಿಗೆ ಒಂದೇ ಟೈಮಿಂಗ್ ಎಂಬ ರಾಜಿಯೇ ಮದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಬೈಕಿನಲ್ಲಂತೂ ವಾಲ್ವ್‌ಗಳೇ ಇರಲಿಲ್ಲ. ಅದು ಎರಡು ಸ್ಟ್ರೋಕ್ ಎಂಜಿನ್. ಸಿಲಿಂಡರ್ ಗೋಡೆಯಲ್ಲಿ ಕೊರೆದ ಪೋರ್ಟ್‌ಗಳ ಎತ್ತರವೇ ಟೈಮಿಂಗ್. ಎರಡು ಸ್ಟ್ರೋಕ್ ಗಾಡಿಯನ್ನು ರೇಸಿಗೆ ಸಜ್ಜು ಮಾಡುವವರು ಅರ ಹಿಡಿದು ಎಕ್ಸಾಸ್ಟ್ ಪೋರ್ಟ್ ಎತ್ತರಿಸುತ್ತಿದ್ದರು. ಮೇಲಿನ ವೇಗದಲ್ಲಿ ಶಕ್ತಿ ಬರುತ್ತಿತ್ತು, ಕೆಳಗಿನ ಎಳೆತ ಹೋಗುತ್ತಿತ್ತು. ಉಜ್ಜಿದ ಲೋಹ ಮರಳಿ ಬರುವುದಿಲ್ಲ.

ಓಡುತ್ತಿರುವಾಗಲೇ ಟೈಮಿಂಗ್ ಬದಲಿಸುವ ಕಾರು 1980ರಲ್ಲಿ ಆಲ್ಫಾ ರೋಮಿಯೋದಿಂದ ಬಂತು. 1989ರಲ್ಲಿ ಹೋಂಡಾದ ವಿಟೆಕ್ ಕ್ಯಾಮ್‌ನ ಉಬ್ಬನ್ನೇ ಬದಲಿಸಿತು. ಇಂದು ನಮ್ಮ ಹುಡುಗರು ಓಡಿಸುವ ಯಮಹಾ ಆರ್15ರ 155 ಸಿಸಿ ಎಂಜಿನ್ ಕೂಡ 7,400 ಸುತ್ತಿನ ಹೊತ್ತಿಗೆ ಇನ್‌ಟೇಕ್ ವಾಲ್ವ್‌ಗಳನ್ನು ಸಣ್ಣ ಉಬ್ಬಿನಿಂದ ದೊಡ್ಡ ಉಬ್ಬಿಗೆ ದಾಟಿಸುತ್ತದೆ.

ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಬಿಡದಿಯಲ್ಲಿ ತಯಾರಾಗುವ ಪೆಟ್ರೋಲ್ ಇನ್ನೋವಾದಲ್ಲಿರುವಂಥ ವಿವಿಟಿ, ಅಂದರೆ ವೇರಿಯಬಲ್ ವಾಲ್ವ್ ಟೈಮಿಂಗ್. ಟೈಮಿಂಗ್ ಚೈನ್ ಹೊರಗಿನ ಗೂಡನ್ನು ತಿರುಗಿಸುತ್ತದೆ. ಒಳಗೆ ಕ್ಯಾಮ್‌ಶಾಫ್ಟ್‌ಗೆ ಬಿಗಿದ ರೆಕ್ಕೆಗಳ ಚಕ್ರವಿದೆ. ರೆಕ್ಕೆಯ ಒಂದು ಬದಿಗೆ ಎಂಜಿನ್ ಆಯಿಲ್ ನುಗ್ಗಿದರೆ ಕ್ಯಾಮ್ ಮುಂದಕ್ಕೆ, ಇನ್ನೊಂದು ಬದಿಗೆ ನುಗ್ಗಿದರೆ ಹಿಂದಕ್ಕೆ. ಯಾವ ಬದಿಗೆ ಎಷ್ಟು ಎಂಬುದನ್ನು ಎಂಜಿನ್‌ನ ಕಂಪ್ಯೂಟರ್ ಲೆಕ್ಕ ಹಾಕಿ, ಬೆರಳು ಗಾತ್ರದ ಆಯಿಲ್ ಕಂಟ್ರೋಲ್ ವಾಲ್ವ್‌ಗೆ ಹೇಳುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸುವ ಅಡ್ಜಸ್ಟ್‌ಮೆಂಟ್ ಸ್ಕ್ರೂ ಎಲ್ಲೂ ಇಲ್ಲ. ಟೈಮಿಂಗ್ ತಿರುಗಿಸುವ ಕೈ ಎಂದರೆ ಆಯಿಲೇ.

ಆದ್ದರಿಂದ ಮನೆಯಂಗಳದ ಕೆಲಸ ಡಿಪ್‌ಸ್ಟಿಕ್‌ನಿಂದ ಶುರುವಾಗಬೇಕು. ಮಟ್ಟ ಕಡಿಮೆಯಿದ್ದರೆ, ಆಯಿಲ್ ಹಳತಾಗಿ ಮಡ್ಡಿ ಕಟ್ಟಿದ್ದರೆ ಅಥವಾ ಕಂಪನಿ ಹೇಳಿದ್ದಕ್ಕಿಂತ ದಪ್ಪ ಗ್ರೇಡ್ ಹಾಕಿದ್ದರೆ ಕ್ಯಾಮ್ ಹೇಳಿದ ಮಾತು ಕೇಳುವುದಿಲ್ಲ. ಬೆಳಗಿನ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡ್ ಗರಗರ ಸದ್ದು, ನಿಂತಲ್ಲಿ ಮಿಸ್ಸಿಂಗ್, ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ದೀಪ ಇದರ ಲಕ್ಷಣಗಳು. ಸ್ಕ್ಯಾನರ್ ಪಿ0011 ಎಂದರೆ ಕ್ಯಾಮ್ ಇರಬೇಕಾದ್ದಕ್ಕಿಂತ ಮುಂದಿದೆ ಎಂದರ್ಥ.

ಆಯಿಲ್ ಸರಿಯಿದ್ದೂ ದೂರು ಹೋಗದಿದ್ದರೆ ಕಂಟ್ರೋಲ್ ವಾಲ್ವ್ ಬಿಚ್ಚಬಹುದು. ಎಂಜಿನ್ ಪೂರ್ತಿ ಆರಿರಲಿ, ಬ್ಯಾಟರಿಯ ನೆಗೆಟಿವ್ ತೆಗೆದಿರಲಿ. ಎಷ್ಟೋ ಎಂಜಿನ್‌ಗಳಲ್ಲಿ ಅದನ್ನು ಹಿಡಿದಿರುವುದು ಒಂದೇ 10 ನಂಬರ್ ಬೋಲ್ಟ್. ಹೊರಬಂದ ವಾಲ್ವ್‌ನ ಸಂದಿಗಳಲ್ಲಿ, ಜಾಲರಿಯಿದ್ದರೆ ಅದರಲ್ಲಿ, ಕಪ್ಪು ಮಡ್ಡಿ ಕಾಣುತ್ತದೆ. ಸ್ಪ್ರೇ ಹೊಡೆದು ತೊಳೆದು, ಎರಡು ತಂತಿಯಿಂದ ಒಂದು ಕ್ಷಣ 12 ವೋಲ್ಟ್ ಮುಟ್ಟಿಸಿದರೆ ಒಳಗಿನ ಸ್ಪೂಲ್ ಟಕ್ ಎಂದು ಜಿಗಿಯಬೇಕು, ಬಿಟ್ಟೊಡನೆ ಹಿಂದಿರುಗಬೇಕು. ಅರ್ಧಕ್ಕೆ ಸಿಕ್ಕಿಕೊಂಡರೆ ಹೊಸದು ಹಾಕಿ. ಹಳೆಯದನ್ನೇ ಕೂರಿಸುವುದಾದರೂ ಓ-ರಿಂಗ್ ಹೊಸದಾಗಿರಲಿ.

ಚೈನ್‌ಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಕ್ಯಾಮ್ ಗೇರ್‌ಗೆ 36 ಹಲ್ಲುಗಳಿದ್ದರೆ, ಒಂದೇ ಹಲ್ಲು ತಪ್ಪಿದರೂ ಕ್ಯಾಮ್ 10 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿ ಆಚೀಚೆ. ಇನ್ನೂ ಹೆಚ್ಚು ತಪ್ಪಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವ್‌ಗೆ ಗುದ್ದುತ್ತದೆ. ಹೆಡ್ ಬಿಚ್ಚುವ ಖರ್ಚು.

ವೇಗದ ಆಸೆಯಿಂದ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ರೀಮ್ಯಾಪ್ ಮಾಡಿಸುವವರೂ ಮೊದಲು ಒಂದು ಪರೀಕ್ಷೆ ಮಾಡಲಿ. ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ಗೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿದರೆ, ಕಂಪ್ಯೂಟರ್ ಕೇಳಿದ ಕ್ಯಾಮ್ ಕೋನವೂ ನಿಜವಾಗಿ ಸಿಕ್ಕ ಕೋನವೂ ಹಲವು ಕಾರುಗಳಲ್ಲಿ ಫೋನಿನಲ್ಲೇ ಕಾಣುತ್ತವೆ. ಎರಡೂ ಒಟ್ಟಿಗೆ ಏರಿಳಿಯುತ್ತಿದ್ದರೆ ವಿವಿಟಿ ಗಟ್ಟಿಯಾಗಿದೆ, ಬಿಚ್ಚಲು ಏನೂ ಇಲ್ಲ. ಒಂದು ಹಿಂದೆ ಬೀಳುತ್ತಿದ್ದರೆ ಎಷ್ಟು ದುಬಾರಿ ರೀಮ್ಯಾಪ್ ಹಾಕಿಸಿದರೂ ದಂಡ. ಆ ದುಡ್ಡಿನಲ್ಲಿ ಮೊದಲು ಆಯಿಲ್, ಫಿಲ್ಟರ್ ಬದಲಿಸುವುದು ಲೇಸು.